ಇಲಿ ಇಲ್ಲದ ರೋಗ

ಪಟೇಲರ ಮನೆಯ ಅಟ್ಟದಿಂದ ಒಂದು ಇಲಿ ಸತ್ತು ಬಿತ್ತು. ಅಷ್ಟೇ. ಪ್ಲೇಗು ಬಂತೆಂದು ಊರಿಗೆ ಊರೇ ಬಾಗಿಲಿಗೆ ಬೀಗ ಜಡಿದು, ಆತಗೂರಿನಾಚೆಯ ಹೊಲಗಳಲ್ಲಿ ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಂಡು ಕೂತಿತು. ಇಲಿಗೆ ಮುಕ್ತಿ ಸಿಕ್ಕಿತು. ಚಲುವರಾಜುವಿನ ಕತೆ ನಿಂತುಹೋಯಿತು.

ಚಲುವರಾಜು ಹಗಲೆಲ್ಲ ಕಬ್ಬು ತೂಗುವ ಕಡೆ ಗುಮಾಸ್ತ. ಮಿಕ್ಕ ಹೊತ್ತು ಎರಡು ಸಾವಿರದಾಚೆಯ ಇಸವಿಗಳ ನಿವಾಸಿ. ಫ್ರೆಂಚರ, ರಷ್ಯನರ ಕತೆಗಳನ್ನು ಇಂಗ್ಲಿಷಿನಲ್ಲಿ ಓದಿ ತಲೆ ಕಾಯಿಸಿಕೊಂಡವನು. ಚಂದ್ರಲೋಕಕ್ಕೆ ಒಂದು ಕತೆ ಕಳಿಸಿದ್ದ, ಮಂಗಳಗ್ರಹಕ್ಕೆ ಇನ್ನೊಂದು. ಎರಡೂ ಬೆಂಗಳೂರಿನ ಪತ್ರಿಕೆಯ ಕಚೇರಿಯಿಂದ ಕ್ಷೇಮವಾಗಿ ಹಿಂದಿರುಗಿದ್ದವು. ಈ ಸಲ ಮಾತ್ರ ಸಂಪಾದಕರೇ ಬರೆದಿದ್ದರು, ವಿಶೇಷ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ, ಬೇಗ ಕಳಿಸಿ ಎಂದು. ಇವತ್ತು ಸಂಜೆ ಮದ್ದೂರಿನ ಟಪಾಲು ತಪ್ಪಿದರೆ ಆ ಜಾಗ ಇನ್ಯಾರದೋ ಪಾಲು. ಬರೆಯಲು ಉಳಿದದ್ದು ಒಂದೇ ಒಂದು ಹಾಳೆ. ಯುದ್ಧದ ಕಾಲ, ಕಾಗದ ಸಿಗದು. ಹಳೆಯ ತೂಕದ ಚೀಟಿಗಳ ಬೆನ್ನ ಮೇಲೇ ಅವನ ಭವಿಷ್ಯತ್ತು.

ಕತೆ ಇಷ್ಟು: ಮುಂದೊಂದು ಕಾಲ. ಲೋಕಕ್ಕೆಲ್ಲ ಒಂದೇ ರೋಗ. ಜನ ಮನೆಯೊಳಗೆ ಸೇರಿ ಅಗಳಿ ಹಾಕಿಕೊಳ್ಳುತ್ತಾರೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮಾತೆಲ್ಲ ತಂತಿಯ ಮೇಲೆ. ಯಾರ ಮನೆಗೂ ಯಾರೂ ಬರುವುದಿಲ್ಲ. ಇದು ಭಯಾನಕ ಕತೆಯಾಗಬೇಕಿತ್ತು. ಬರೆಯುತ್ತ ಬರೆಯುತ್ತ ಚಲುವರಾಜುವಿಗೆ ಆ ಲೋಕದ ಮೇಲೆ ಆಸೆ ಹುಟ್ಟಿಬಿಟ್ಟಿತ್ತು.

ಹೆಂಡತಿ ಬಾಣಂತನಕ್ಕೆ ಮಳವಳ್ಳಿಗೆ ಹೋಗಿದ್ದಳು. ಆದರೂ ಅವನು ಒಂಟಿಯಾಗಿರಲಿಲ್ಲ. ಸೋಗೆಯ ಗೋಡೆ ಗೋಡೆಯಲ್ಲ. ಪಕ್ಕದ ಗುಡಿಸಲಿನಲ್ಲಿ ದೊಡ್ಡತಾಯಮ್ಮ ಆಕಳಿಸಿದರೆ ಇವನ ಬಾಯಿ ತೆರೆದುಕೊಳ್ಳುತ್ತಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಚಟ ಬೇರೆ ಅವನಿಗೆ.

"ಅದೇನ್ ಚಲುವಪ್ಪ ವದರ್ತಾ ಇದ್ದೀಯೆ? ಪ್ಲೇಗಿನ ಸೂಜಿ ಹಾಕಿಸ್ಕಂಡಿದ್ ಜರ ನೆತ್ತಿಗೇರ್ತಾ?" ದೊಡ್ಡತಾಯಮ್ಮ ಸೋಗೆ ಸರಿಸಿ ತಲೆಯನ್ನೇ ಒಳಕ್ಕೆ ತೂರಿಸಿದಳು.

"ಕತೆ ಕಣವ್ವ."

"ಜನ ಮನೆ ಒಳ್ಗೇ ಬಾಗ್ಲಾಕ್ಕಂಡು ಕೂತ್ರು ಅಂದಂಗಾಯ್ತು?"

"ರೋಗ ಬಂದದೆ, ಅದ್ಕೆ."

"ರೋಗ ಬಂದ್ರೆ ಮನೆ ಬುಟ್ಟು ಓಡ್ತಾರೆ ಕಣಪ್ಪ. ಒಳಿಕ್ಕೋಗಿ ಅಗಳಿ ಆಕತಾರಾ? ಅದೇನ್ ಸಾಯಕ್ ಅರ್ಕೆ ಒತ್ತವ್ರಾ?"

ಬೀಡಿಗೆ ಕೆಂಡ ಕೇಳಲು ಬಂದ ಹುಚ್ಚೀರಯ್ಯ ಕೆಂಡ ಮರೆತು ಕೂತೇಬಿಟ್ಟ. "ಇಲಿ ಎಷ್ಟ್ ಬಿದ್ದೋ?"

"ಈ ರೋಗಕ್ಕೆ ಇಲಿ ಇಲ್ಲ ಕಣಣ್ಣ."

ಹುಚ್ಚೀರಯ್ಯ ನಗಲಿಲ್ಲ. ಮದುವೆ ಮನೆಗೆ ಹೋಗಿ ಗಂಡೇ ಇಲ್ಲವೆಂದು ತಿಳಿದವನ ಹಾಗೆ ನೋಡಿದ. "ಇಲಿ ಇಲ್ದೆ ಅದೆಂಗ್ಲಾ ಬತ್ತದೆ ರೋಗ? ಒಂದ್ ಇಲಿ ಬೀಳ್ಸು. ಇಲ್ದಿದ್ರೆ ಯಾರ್ ನಂಬ್ತಾರೆ?"

"ಮೂತಿಗ್ ಬಟ್ಟೆ ಕಟ್ಕತಾರಂತೆ," ಎಂದಳು ದೊಡ್ಡತಾಯಮ್ಮ.

"ಎತ್ಗೆ ಕುಕ್ಕೆ ಆಕ್ದಂಗಾ? ಬೆಳೆ ಮೇಯ್ತಾರೆ ಅಂತ್ಲಾ?"

ಚಲುವರಾಜು ಚೀಟಿಗಳನ್ನು ಅಂಗಿಯೊಳಗೆ ಸೇರಿಸಿ, ಚೊಂಬಿಗೆ ನೀರು ತುಂಬಿಕೊಂಡು ಎದ್ದ. ಚೊಂಬು ಹಿಡಿದವನನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

"ತಡಿ, ನಾನೂ ಬತ್ತೀನಿ," ಎಂದ ಹುಚ್ಚೀರಯ್ಯ.

"ತಡಿಯಕಾಗಲ್ಲ ಕಣಣ್ಣ," ಎಂದು ಚಲುವರಾಜು ಓಡಿದ.

ಊರು ಖಾಲಿ. ಹಿತ್ತಲ ಬಾಗಿಲಿನಿಂದ ತನ್ನ ಮನೆಗೇ ಕಳ್ಳನಂತೆ ನುಗ್ಗಿ ಕೂತ. ಲೇಖನಿಯ ಮೊನೆ ಕಾಗದ ಕೆರೆಯುವುದೂ ಕೇಳಿಸುವಷ್ಟು ಮೌನ. ಸೂಜಿ ಚುಚ್ಚಿಸಿಕೊಂಡ ತೋಳು ಊದಿತ್ತು, ಮೈ ಸುಡುತ್ತಿತ್ತು, ಆದರೂ ಅರ್ಧ ಹಾಳೆ ಸಾಗಿತು. ಸಂತೋಷ ತಡೆಯದೆ ಗಟ್ಟಿಯಾಗಿ ಓದಿಕೊಂಡ.

ಖಾಲಿ ಊರು ಕಾಯುತ್ತಿದ್ದ ತಳವಾರ ಕೆಂಪಸಿದ್ದಯ್ಯ ಬೀಗ ಹಾಕಿದ ಮನೆಯೊಳಗಿಂದ ಮಾತು ಕೇಳಿ, ಬಿಲಗಳಿಗೆ ಹೊಗೆ ಹಾಕಿಸಲು ಬಂದಿದ್ದ ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆತಂದ. ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು, ಇವನ ಬಾಯಿಗೆ ಥರ್ಮಾಮೀಟರು ಇಟ್ಟರು.

"ನೂರಾ ಎರಡು. ಪ್ಲೇಗಿನ ಮನೇಲಿ ಏನ್ರೀ ಮಾಡ್ತಿದ್ರಿ?"

"ಸೂಜಿ ಜ್ವರ ಸಾರ್. ಕತೆ ಬರೀತಿದ್ದೆ. ಎರಡು ಸಾವಿರದ ಇಸವಿಯಲ್ಲಿ..."

ಇನ್‌ಸ್ಪೆಕ್ಟರು ಕೆಂಪಸಿದ್ದಯ್ಯನ ಕಡೆ ತಿರುಗಿದರು. "ಸನ್ನಿ ಶುರುವಾಗಿದೆ. ಗಾಡಿ ಕಟ್ಟಿಸು."

ರೋಗಿಗಳನ್ನು ಬೇರೆ ಇಡುವ ಷೆಡ್ಡು ಮದ್ದೂರಿನ ದಾರಿಯಲ್ಲಿತ್ತು. ಸುಣ್ಣ ಬಳಿದ ಒಂದು ಕೋಣೆ, ಚಾಪೆ, ನೀರಿನ ಮಡಕೆ.

"ಸಾರ್, ಇದೊಂದು ಟಪಾಲಿಗೆ..."

"ಇಲ್ಲಿಂದ ಒಂದು ಚೂರು ಕಾಗದವೂ ಆಚೆ ಹೋಗೋ ಹಾಗಿಲ್ಲ. ಬೆಳಿಗ್ಗೆಯಿಂದ ನಿಮ್ಮ ಹತ್ತಿರ ಯಾರ್ಯಾರು ಕೂತಿದ್ರು?"

ಸಂಚಿಕೆ ಹೋಯಿತು. ಆದರೆ ಆ ದಣಿವಿನಲ್ಲೂ ಚಲುವರಾಜುವಿಗೆ ಒಂದು ಸಣ್ಣ ಸುಖ ಹೊಳೆಯಿತು. ಅವರನ್ನೂ ಅವರವರ ಗುಡಿಸಲಲ್ಲಿ ಕೂಡಿಹಾಕಲಿ. ರೋಗ ಬಂದರೆ ಒಳಗೆ ಕೂರುವುದು ಹೇಗೆಂದು ತಿಳಿಯಲಿ. ದೊಡ್ಡತಾಯಮ್ಮನನ್ನು ಗಂಡನ ಹೆಸರಿನ ಸಮೇತ, ಹುಚ್ಚೀರಯ್ಯನನ್ನು ತಂದೆಯ ಹೆಸರಿನ ಸಮೇತ ಹೇಳಿದ.

ಬಾಗಿಲು ಮುಚ್ಚಿತು. ಗೋಡೆಗಳು ನಿಜವಾದ ಗೋಡೆಗಳು. ಇಂದಲ್ಲ ನಾಳೆ ಯಾರಾದರೂ ಅಚ್ಚು ಹಾಕಿಯಾರು, ಮುಗಿಸಿಯಾದರೂ ಬಿಡೋಣ ಎಂದು ಹಾಳೆ ಬಿಡಿಸಿ ಬರೆದ: 'ಇನ್ನು ಯಾರೂ ಬರುವುದಿಲ್ಲ.'

ಗಾಡಿಯ ಸದ್ದಾಯಿತು.

"ಜೊತೇಲಿ ಕೂತಿದ್ದೋರ್ನ ಜೊತೇಲೇ ಮಡುಗ್ಬೇಕಂತೆ," ಎಂದು ಕೆಂಪಸಿದ್ದಯ್ಯ ದೂರದಿಂದಲೇ ಕೂಗಿದ. "ಇರೋದೊಂದೇ ರೂಮು, ಒಸಿ ಸರ್ಕಳಿ."

ದೊಡ್ಡತಾಯಮ್ಮ ಕಂಕುಳಲ್ಲಿ ಕೋಳಿ ಇರುಕಿಕೊಂಡು ಒಳಗೆ ಬಂದಳು. ಹುಚ್ಚೀರಯ್ಯ ಕಂಬಳಿಯನ್ನು ಚಲುವರಾಜುವಿನ ಚಾಪೆಗೆ ತಾಗಿಸಿಯೇ ಹಾಸಿದ.

"ನಮ್ಮೆಸ್ರು ಏಳ್ದೋನು ಯಾವನ್ಲಾ? ಸಿಕ್ಲಿ, ಐತೆ ಅವ್ನಿಗೆ."

ಚಲುವರಾಜು ಮಡಕೆಯ ಕಡೆ ನೋಡಿದ.

"ಓಗ್ಲಿ ಬುಡು," ಎಂದು ಹುಚ್ಚೀರಯ್ಯ ಗೋಡೆಗೆ ಒರಗಿದ. "ಒತ್ತೋಗ್ಬೇಕಲ್ಲ. ಆ ಕತೆ ಮೊದ್ಲಿಂದ ಓದ್ಲಾ ಚಲುವ. ಇಲಿ ವಿಚಾರ ಏನ್ ಮಾಡ್ದೆ?"

ಚಲುವರಾಜು ಹಾಳೆ ಬಿಡಿಸಿದ. ಕೊನೆಯ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ನಿಧಾನವಾಗಿ ಬರೆದ: 'ಅಷ್ಟರಲ್ಲಿ ಅಟ್ಟದಿಂದ ಒಂದು ಇಲಿ ಸತ್ತು ಬಿತ್ತು.'