ಮೇಡಂ ಅವರ ಹವಳ

ಹಲ್ಲುಜ್ಜುತ್ತಾ ಹಾಲ್‌ಗೆ ಬಂದ ಚಂದ್ರು, ಗಾಜಿನ ತೊಟ್ಟಿಯ ಮುಂದೆ ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟ. ಬಾಯಲ್ಲಿದ್ದ ಪೇಸ್ಟಿನ ನೊರೆ ಗಲ್ಲದಿಂದ ಇಳಿದು ಬನಿಯನ್ ಮೇಲೆ ಬಿತ್ತು. ಹವಳದ ಇನ್ನೊಂದು ಕೊಂಬೆ ಮಾಯವಾಗಿತ್ತು.

ತೊಟ್ಟಿ ಅವನದಲ್ಲ. ಅವನು ಸೂಪರ್‌ವೈಸರ್ ಆಗಿದ್ದ ಹಿರೇಹಳ್ಳಿಯ ವರ್ಕ್‌ಶಾಪಿನ ಒಡತಿ ರಝಿಯಾ ಮೇಡಂ ಅವರದು. ವರ್ಕ್‌ಶಾಪಿನ ಬೋರ್ಡಿನ ಮೇಲೆ ಅವರ ಗಂಡ ನಯಾಜ್ ಅಹಮದ್ ಸಾಹೇಬರ ಹೆಸರಿತ್ತು. ಬೀಗದ ಕೈ ಗೊಂಚಲು ಮಾತ್ರ ಮೇಡಂ ಹತ್ತಿರ ಇತ್ತು. "ಮನೆಗೆ ಪೇಂಟ್ ಹೊಡೆಸ್ತಾ ಇದೀವಿ ಚಂದ್ರು. ಆ ವಾಸನೆಗೆ ನನ್ನ ಹವಳ ಸತ್ತೋಗುತ್ತೆ. ಸ್ವಲ್ಪ ದಿನ ನಿಮ್ಮನೇಲಿ ಇಟ್ಕೋ" ಎಂದು ಕೂಸನ್ನು ಒಪ್ಪಿಸುವ ಹಾಗೆ ಒಪ್ಪಿಸಿದ್ದರು. ಹೀಗೆ, ಹುಟ್ಟಿದಾಗಿನಿಂದ ಸಮುದ್ರವನ್ನೇ ಕಾಣದ ಚಂದ್ರುವಿನ ಕ್ಯಾತ್ಸಂದ್ರದ ಬಾಡಿಗೆ ಮನೆಗೆ ಸಮುದ್ರವೇ ಬಂದು, ಟೀವಿಯನ್ನು ಮೂಲೆಗೆ ತಳ್ಳಿ ಕೂತಿತ್ತು. ಉಪ್ಪುನೀರು, ನೀಲಿ ಲೈಟು, ಎರಡು ಮೀನು, ಒಂದಿಷ್ಟು ಬಂಡೆಕಲ್ಲು, ಅದರ ಮೇಲೆ ಗಿಡದ ಹಾಗೆ ಕವಲೊಡೆದ ಜೀವಂತ ಹವಳ. ಅದನ್ನು ಚೆನ್ನಾಗಿ ನೋಡಿಕೊಂಡರೆ ಸ್ಟೋರ್ಸ್ ಇನ್‌ಚಾರ್ಜ್ ಕೆಲಸ ನಿನಗೇ ಎಂದು ಮೇಡಂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಹಾಗನ್ನಿಸುವಂತೆ ನಕ್ಕಿದ್ದರು.

ಇವತ್ತು ಸಂಜೆ ಮೇಡಂ ಅದನ್ನು ನೋಡಲು ಬರುವವರಿದ್ದರು. ಹವಳವೋ, ಬೆಳೆಯುವುದು ಬಿಟ್ಟು ಬಚ್ಚಲ ಸೋಪಿನ ಹಾಗೆ ದಿನದಿಂದ ದಿನಕ್ಕೆ ಸವೆಯುತ್ತಿತ್ತು.

ಚಂದ್ರು ಬಾಯಿ ತೊಳೆಯುವುದನ್ನೂ ಮರೆತು, ತುಮಕೂರಿನಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ ನಾಸಿರ್‌ಗೆ ಫೋನ್ ಮಾಡಿದ.

"ಅದು ಹವಳ ತಿನ್ನೋ ಏಡಿ ಸಾರ್," ಎಂದ ನಾಸಿರ್. "ಕಲ್ಲಿನ ಸಂದೀಲಿ ಬಚ್ಚಿಟ್ಕೊಂಡು ಬಂದಿರುತ್ತೆ. ಕತ್ತಲಾದ್ಮೇಲೆ ಈಚೆ ಬರುತ್ತೆ."

"ಕತ್ತಲಾಗೋದ್ರೊಳಗೆ ಮೇಡಂ ಬಂದ್ಬಿಡ್ತಾರಲ್ಲಪ್ಪಾ!"

"ಹಂಗಾದ್ರೆ ನೀವೇ ಕತ್ತಲು ಮಾಡಿ. ಲೈಟ್ ಆರಿಸಿ, ತೊಟ್ಟಿಗೆ ಕಂಬಳಿ ಹೊದಿಸಿ. ಒಳಗೆ ಒಂದು ಗಾಜಿನ ಲೋಟ ಓರೆಯಾಗಿ ಒರಗಿಸಿ, ತಳಕ್ಕೆ ಸೀಗಡಿ ಹಾಕಿ. ತಿನ್ನೋಕೆ ಇಳಿದ ಏಡಿ ಗಾಜಲ್ಲಿ ಜಾರ್ತಾ ಅಲ್ಲೇ ಇರುತ್ತೆ."

ಕಂಬಳಿ ಇತ್ತು, ಲೋಟವೂ ಇತ್ತು. ತೊಂದರೆ ಇದ್ದದ್ದು ಸೀಗಡಿಯದು. ಶನಿವಾರ. ಹೆಂಡತಿ ಹೇಮಶ್ರೀ ಮಡಿಯುಟ್ಟು ಪೂಜೆಗೆ ಹೂವು ಬಿಡಿಸುತ್ತಿದ್ದಳು. ಶನಿವಾರ ಆ ಮನೆಯಲ್ಲಿ ಮೊಟ್ಟೆಯ ಮಾತೆತ್ತಿದರೂ ಅವಳು ಅವತ್ತೆಲ್ಲ ಮಾತಾಡುತ್ತಿರಲಿಲ್ಲ. ಚಂದ್ರು ಹಿತ್ತಲ ಬಾಗಿಲಿಂದ ಪಕ್ಕದ ಮನೆಯ ಹನುಮಂತಮ್ಮನ ಹತ್ತಿರ ಹೋಗಿ ಪಿಸುಗುಟ್ಟಿದ.

"ಅಮ್ಮಾ, ಒಂದೆರಡು ಸೀಗಡಿ ಇದ್ರೆ ಕೊಡಿ. ಹೇಮಂಗೆ ಗೊತ್ತಾಗೋದು ಬೇಡ."

ಹನುಮಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಣ್ಣಲ್ಲಿ ನೀರು ಬಂತು. "ಅಯ್ಯೋ ಪಾಪ, ಎಷ್ಟು ಬಾಯಿ ಕೆಟ್ಟೋಗೈತೋ! ಎರಡ್ಯಾಕೆ, ಸಾರೇ ತಗೊಂಡೋಗಪ್ಪ."

"ಸಾರು ಬೇಡ, ಹಸೀದೇ ಕೊಡಿ."

"ಹಸೀದಾ!"

ಸ್ವಲ್ಪ ಹೊತ್ತಿಗೆಲ್ಲ, ಚಂದ್ರುವಿಗೆ ಹೆಂಡತಿ ಹೊಟ್ಟೆಗೆ ಹಾಕುತ್ತಿಲ್ಲ, ಪಾಪ ಹಸಿ ಸೀಗಡಿ ತಿಂದು ಬದುಕುತ್ತಿದ್ದಾನೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ವಿಚಾರಿಸಲು ಮೊದಲು ಬಂದವರು ಎದುರು ಮನೆಯ ರಿಟೈರ್ಡ್ ಕಂಡಕ್ಟರ್ ಚಿಕ್ಕಮಾರಯ್ಯ. ಅವರ ಹಿಂದೆ, ಸಾರಿನ ಪಾತ್ರೆ ಸೆರಗಲ್ಲಿ ಮುಚ್ಚಿಕೊಂಡು ಹನುಮಂತಮ್ಮ.

"ಏನ್ಲಾ ಇದು, ತೊಟ್ಟಿಗೂ ಚಳಿಜ್ವರ ಬಂದೈತಾ?" ಎಂದು ಚಿಕ್ಕಮಾರಯ್ಯ ಕಂಬಳಿ ಎತ್ತಲು ಹೋದರು.

"ಮುಟ್ಬೇಡಿ! ಏಡಿ ಹಿಡೀತಾ ಇದೀನಿ."

ಹಾಲ್‌ನ ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಮಾವ ಪುಟ್ಟರಂಗಯ್ಯ ಕನ್ನಡಕದ ಮೇಲಿಂದ ನೋಡಿದರು. ಮಂಡಿನೋವಿಗೆ ಡಾಕ್ಟರನ್ನು ಕಾಣಲೆಂದು ಕುಣಿಗಲ್‌ನಿಂದ ಬಂದು ಮಗಳ ಮನೆಯಲ್ಲಿ ಉಳಿದುಕೊಂಡಿದ್ದರು. "ಹೋಗ್ಲಿ ಬುಡಿ ಅಳಿಯಂದ್ರೆ," ಎಂದರು. "ಜೀವ ಅಂದ್ಮೇಲೆ ತಿನ್ನದೆ ಇರುತ್ತಾ?"

ಅಷ್ಟರಲ್ಲಿ ಕಂಬಳಿಯೊಳಗೆ ಟಣ್ ಎಂದು ಸದ್ದಾಯಿತು. ಚಂದ್ರು ಕೈ ಇಳಿಬಿಟ್ಟು ಲೋಟ ಎತ್ತಿದ. ಒಳಗೆ ಕೂದಲು ಕೂದಲಾದ ಕಪ್ಪು ಏಡಿಯೊಂದು ಸೀಗಡಿ ಅಪ್ಪಿಕೊಂಡು ಕೂತಿತ್ತು.

"ಸಿಕ್ತು ಕಳ್ಳ!"

"ಎಲ್ಲಿ, ಎಲ್ಲಿ?" ಎನ್ನುತ್ತಾ ಚಿಕ್ಕಮಾರಯ್ಯ, ತುಂಬಿದ ಬಸ್ಸಿನಲ್ಲಿ ಟಿಕೆಟ್ ದುಡ್ಡಿಗೆ ಕೈ ಚಾಚುವ ಹಾಗೆ, ಲೋಟದೊಳಕ್ಕೆ ಬೆರಳು ತೂರಿಸಿದರು. ಏಡಿ ಸೀಗಡಿ ಬಿಟ್ಟು ಬೆರಳು ಹಿಡಿಯಿತು. ಚಿಕ್ಕಮಾರಯ್ಯ ಕಿರುಚಿ ಕೈ ಒದರಿದರು. ಲೋಟ ಒಂದು ಕಡೆ ಹೋಯಿತು, ಸೀಗಡಿ ಹೇಮಶ್ರೀಯ ಹೂವಿನ ತಟ್ಟೆಗೆ ಬಿತ್ತು, ಏಡಿ ಗಾಳಿಯಲ್ಲಿ ತೇಲಿ ಬಂದು ಹನುಮಂತಮ್ಮನ ಸೆರಗಿಗೆ ನೇತುಬಿತ್ತು. "ಯಪ್ಪಾ, ಚೇಳು ಚೇಳು!" ಎಂದು ಅವರು ಸಾರಿನ ಪಾತ್ರೆ ಅಲ್ಲೇ ಕೈಬಿಟ್ಟು ಬೀದಿಗೆ ಓಡಿದರು. ಸೆರಗು ಒದರಿದ ರಭಸಕ್ಕೆ ಏಡಿ ಚರಂಡಿಗೆ ಬಿದ್ದು, ತಿರುಗಿಯೂ ನೋಡದೆ ಹೋಯಿತು.

ಹೇಮಶ್ರೀ ದೇವರಮನೆಯ ಬಾಗಿಲಲ್ಲಿ ನಿಂತು ಮೊದಲು ಸೀಗಡಿಯನ್ನು ನೋಡಿದಳು, ಆಮೇಲೆ ನೆಲದ ಮೇಲೆ ಹರಿಯುತ್ತಿದ್ದ ಸಾರನ್ನು, ಕೊನೆಗೆ ಗಂಡನನ್ನು. ನೆಲ ಒರೆಸುವ ಬಟ್ಟೆಯನ್ನು ಅವನ ಹೆಗಲ ಮೇಲೆ ಹಾಕಿ ಮತ್ತೆ ಸ್ನಾನಕ್ಕೆ ಹೋದಳು.

ಆದರೂ ಚಂದ್ರುವಿಗೆ ಸಮಾಧಾನವಾಗಿತ್ತು. ಏಡಿ ತೊಲಗಿತಲ್ಲ! ಸಾರು ಒರೆಸಿ, ಅದರ ಘಾಟಿಗೆ ಸೀನುತ್ತಾ ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದು ನೋಡಿದರೆ ಮತ್ತೊಂದು ಕೊಂಬೆ ಇರಲಿಲ್ಲ.

ಈ ಸಲ ನಾಸಿರ್ ಸ್ಕೂಟರ್ ಹತ್ತಿ ಬಂದ. "ಏಡಿ ಅಲ್ಲಾಂದ್ರೆ ಹುಳ ಸಾರ್. ಕಣ್ಣಿಗೇ ಕಾಣದಂಥವಿರ್ತವೆ. ಔಷಧಿ ನೀರಲ್ಲಿ ಅದ್ದಿದ್ರೆ ಪುಳಪುಳ ಉದುರುತ್ವೆ." ಹವಳವನ್ನು ಕಲ್ಲಿನ ಸಮೇತ ಎತ್ತಿ, ಬೇಸಿನ್ನಿನಲ್ಲಿ ಉಪ್ಪುನೀರಿಗೆ ಔಷಧಿ ಬೆರೆಸಿ ಅದ್ದಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಕಾದರು. ಉದುರಿದ್ದು ಒಂದು ತಲೆಗೂದಲು. ಅದೂ ನಾಸಿರನದೇ.

ಹವಳವನ್ನು ತೊಳೆದು, ಬರೀ ಉಪ್ಪುನೀರಿದ್ದ ಇನ್ನೊಂದು ಬೇಸಿನ್ನಿಗೆ ಬಿಟ್ಟು, ಚಂದ್ರು ನಾಸಿರ್‌ನನ್ನು ಗೇಟಿನ ತನಕ ಕಳಿಸಿ ಬಂದ. ಬಂದು ನೋಡಿದರೆ ಕೊಂಬೆಗಳಲ್ಲಿ ಮತ್ತೊಂದು ಕಮ್ಮಿ! ಬೇಸಿನ್ನಿನಲ್ಲಿ ಏಡಿಯಿಲ್ಲ, ಮೀನಿಲ್ಲ, ಹುಳವಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ 'ಕಟಕ್' ಎಂದು ಸದ್ದು ಬಂತು.

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುಟ್ಟರಂಗಯ್ಯ ಕೂತಿದ್ದರು. ಒಂದು ಕೈಯಲ್ಲಿ ಅಡಕತ್ತರಿ, ಇನ್ನೊಂದರಲ್ಲಿ ಹವಳದ ಕೊಂಬೆ. ಪಕ್ಕದಲ್ಲಿ ಪುಟ್ಟ ಕುಟ್ಟಾಣಿ, ಜೇನುತುಪ್ಪದ ಬಾಟಲು.

"ಮಾವಾ!"

ಮಾವ ಬೆಚ್ಚಿಬಿದ್ದರೂ ಕತ್ತರಿಸುವುದನ್ನು ಮುಗಿಸಿದರು. "ಕೂಗ್ಬೇಡಿ ಅಳಿಯಂದ್ರೆ, ಹೇಮ ಕೇಳಿಸ್ಕೊಂಡಾಳು. ಮಂಡಿನೋವಿಗೆ ಹವಳ ಪುಡಿ ಮಾಡಿ ಜೇನಲ್ಲಿ ನೆಕ್ಕಬೇಕು ಅಂತ ನಮ್ಮೂರ ಪಂಡಿತ್ರು ಹೇಳವ್ರೆ. ಚಿನ್ನದಂಗ್ಡೀಲಿ ಕೇಳಿದ್ರೆ ಎದೆ ಒಡೆಯುತ್ತೆ. ನಿಮ್ಮನೇಲಿ ನೋಡಿದ್ರೆ ಕರಿಬೇವಿನ ಗಿಡದಂಗೆ ಹುಲುಸಾಗಿ ಬೆಳ್ಕಂಡೈತೆ."

"ಅದು ಮೇಡಂದು ಮಾವಾ! ನನ್ನ ಕೆಲಸ ಹೋಗುತ್ತೆ!"

"ಮೊದ್ಲೇ ಹೇಳ್ಬಾರ್ದಾ? ನೀವೇ ಸಾಕಿದೀರಿ ಅಂದ್ಕಂಡೆ," ಎಂದು ಮಾವ ಬೇಜಾರಿನಿಂದ ಬೆರಳು ನೆಕ್ಕಿದರು.

ಹೆಣ್ಣು ಕೊಟ್ಟ ಮಾವನನ್ನು ಬೈಯುವುದು ಹೇಗೆಂದು ಚಂದ್ರು ಯೋಚಿಸುತ್ತಿರುವಾಗಲೇ ಗೇಟಿನ ಮುಂದೆ ಕಾರಿನ ಹಾರ್ನ್ ಕೇಳಿತು. ಒಂದೇ ಉಸಿರಿಗೆ ಓಡಿ, ಹವಳವನ್ನು ತೊಟ್ಟಿಗೆ ಇಳಿಸಿ, ತುಂಡಾದ ಕಡೆಯನ್ನು ಗೋಡೆಯತ್ತ ತಿರುಗಿಸಿ, ಒದ್ದೆ ಕೈ ಮುಗಿದು ನಿಂತ.

ಒಳಗೆ ಬಂದವರು ಮೇಡಂ ಅಲ್ಲ, ನಯಾಜ್ ಸಾಹೇಬರು. ಒಬ್ಬರೇ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು "ಯಾ ಅಲ್ಲಾ" ಎಂದು ನರಳಿದರು.

"ಮೇಡಂಗೆ ಏನೋ ಕೆಲಸ ಬಿತ್ತು ಕಣಯ್ಯ. ನಾನೇ ನೋಡ್ಕೊಂಡು ಬರ್ತೀನಿ ಅಂತ ಬಂದೆ," ಎಂದು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡರು. ಕಣ್ಣು ಹೊಳೆಯುತ್ತಿದ್ದವು.

"ಸಾಹೇಬ್ರಿಗೂ ಮಂಡೀನಾ?" ಎಂದರು ಮಾವ, ಬಾಗಿಲಿಗೆ ಬಂದು.

ಚಂದ್ರು ಬೇಡವೆಂದು ಕಣ್ಣು ಬಿಟ್ಟ, ಕೆಮ್ಮಿದ, ತಲೆ ಅಲ್ಲಾಡಿಸಿದ. ಮಾವ ಯಾವುದನ್ನೂ ನೋಡಲಿಲ್ಲ. ಮಂಡಿನೋವಿನ ಇಬ್ಬರು ಒಂದು ಕಡೆ ಸೇರಿದ ಮೇಲೆ ಮೂರನೆಯವನಿಗೆ ಅಲ್ಲೇನು ಕೆಲಸ?

ಅಷ್ಟರಲ್ಲಿ ಫೋನ್ ರಿಂಗಾಯಿತು. ರಝಿಯಾ ಮೇಡಂ.

"ಚಂದ್ರು, ನಮ್ಮವರು ಅಲ್ಲಿಗೆ ಬಂದ್ರಾ?"

"ಬಂದಿದಾರೆ ಮೇಡಂ. ಇಲ್ಲೇ ಕೂತಿದಾರೆ."

"ಅಯ್ಯೋ, ಹೇಳ್ದೆ ಕೇಳ್ದೆ ಬಂದ್ಬಿಟ್ರಾ! ನೋಡು, ಅವರನ್ನ ಆ ತೊಟ್ಟಿ ಹತ್ರ ಬಿಡ್ಬೇಡ. ಪೇಂಟಿಂಗೂ ಇಲ್ಲ, ಏನೂ ಇಲ್ಲ ಕಣಪ್ಪ. ಮಂಡಿನೋವಿಗೆ ಹವಳ ಒಳ್ಳೇದು ಅಂತ ಯಾರೋ ತಲೆಗೆ ತುಂಬಿಬಿಟ್ಟವ್ರೆ. ದಿನಾ ಒಂದೊಂದು ತುಂಡು ಮುರ್ಕೊಂಡು ತಿಂತಿದ್ರು. ಅದಕ್ಕೇ ಹವಳ ಉಳೀಲಿ ಅಂತ ನಿಮ್ಮನೇಲಿ ಇಟ್ಟಿದ್ದು. ಒಂದು ಚೂರು ಕಮ್ಮಿಯಾದ್ರೂ ನಾನು ಕೇಳೋದು ನಿನ್ನನ್ನೇ, ಗೊತ್ತಾಯ್ತಾ?"

"ಆಯ್ತು ಮೇಡಂ," ಎಂದು ಚಂದ್ರು ತಿರುಗಿ ನೋಡಿದ.

ಸಾಹೇಬರು ಮೊಣಕೈ ತನಕ ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಇಳಿಬಿಟ್ಟಿದ್ದರು. ಮಾವ ಪಕ್ಕದಲ್ಲಿ ಜೇನಿನ ಬಾಟಲು ಹಿಡಿದು, "ಬುಡದಲ್ಲೇ ಕತ್ತರಿಸಿ ಸಾಹೇಬ್ರೇ, ಅಲ್ಲೇ ಸತ್ವ ಇರೋದು," ಎನ್ನುತ್ತಿದ್ದರು.