ಅಕ್ಕನ ಅತಿಥಿಯ ಕುತ್ತಿಗೆ

ಬಾಯಿಗೆ ಬುದ್ಧಿ ಹೇಳಬಹುದು, ಕಾಲಿಗೂ ಹೇಳಬಹುದು. ಕೈಗೆ ಹೇಳುವುದು ಮಾತ್ರ ಬಹಳ ಕಷ್ಟ. ಅದು ಒಮ್ಮೆ ಒಂದು ಕೆಲಸವನ್ನು ಕಲಿತುಬಿಟ್ಟರೆ ಆಮೇಲೆ ಯಜಮಾನನನ್ನು ಕೇಳುವುದಿಲ್ಲ. ಇದನ್ನು ನಾನು ಯಾವ ಪುಸ್ತಕದಿಂದಲೂ ಎತ್ತಿದ್ದಲ್ಲ. ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಅದರಲ್ಲಿಯೂ ಎಂಟನೆಯದನ್ನು ಪೂರ್ತಿ ಓದಿದೆ ಎಂದರೆ ನನ್ನ ಮಾಸ್ಟ್ರು ಎಲ್ಲಿದ್ದರೂ ಎದ್ದು ಬಂದಾರು. ನನ್ನ ಎರಡು ಕೈಗಳು ಸೇರಿಕೊಂಡು, ಒಡಹುಟ್ಟಿದ ಅಕ್ಕನನ್ನು ಬೇರೆ ಬೇರೆ ದೇಶಗಳ ದೊಡ್ಡವರ ಎದುರು ಹೇಗೆ ನಿಲ್ಲಿಸಿದವು ಎಂಬುದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಆ ಆಘಾತದಿಂದ ನಾನು ಇನ್ನೂ ಸರಿಯಾಗಿ ಚೇತರಿಸಿಕೊಂಡಿಲ್ಲ.

ಮಂಗಳೂರಿನ ಉರ್ವ ಮಾರ್ಕೆಟಿನ ಬಳಿ ನನ್ನದೊಂದು ಸೆಲೂನು ಇದೆ. ಎರಡು ಕುರ್ಚಿ, ಒಂದು ಫ್ಯಾನು, ಎದುರುಬದುರು ಕನ್ನಡಿ. ನಮ್ಮಲ್ಲಿ ಕೂದಲು ಕತ್ತರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊದೆಸಿದ ಬಟ್ಟೆಯನ್ನು ಬಿಚ್ಚುವ ಮೊದಲು ತಲೆಯನ್ನು ತಟ್ಟಬೇಕು, ಹೆಗಲು ಹಿಸುಕಬೇಕು. ಕೊನೆಗೆ ಒಂದು ಕೈಯಲ್ಲಿ ಗಲ್ಲವನ್ನೂ ಇನ್ನೊಂದರಲ್ಲಿ ತಲೆಯ ಹಿಂಭಾಗವನ್ನೂ ಹಿಡಿದು, ಗಿರಾಕಿ ಬೇರೇನೋ ಯೋಚಿಸುತ್ತಿರುವ ಹೊತ್ತು ನೋಡಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಟಕ್ಕೆಂದು ತಿರುಗಿಸಿ ನೆಟಿಗೆ ತೆಗೆಯಬೇಕು. ಇದು ಪುಕ್ಕಟೆ, ಮದುವೆ ಊಟದ ಕೊನೆಗೆ ಬೀಡ ಕೊಟ್ಟ ಹಾಗೆ. ನನಗೆ ಕಲಿಸಿದ್ದು ನನ್ನ ಗುರುಗಳು, ಅವರಿಗೆ ಅವರ ಗುರುಗಳು. ಮೊತ್ತಮೊದಲು ಯಾರ ಕುತ್ತಿಗೆಯ ಮೇಲೆ ಇದರ ಪ್ರಯೋಗ ನಡೆಯಿತೋ, ಆ ಪುಣ್ಯಾತ್ಮ ಆಮೇಲೆ ಎದ್ದು ಮನೆಗೆ ಹೋದನೋ ಇಲ್ಲವೋ, ನಾವು ಯಾರೂ ವಿಚಾರಿಸಿಲ್ಲ.

ಅಕ್ಕ ವನಜ ಎಲ್ಲವನ್ನೂ ವಿಚಾರಿಸುವವಳು. ಒಂದೇ ಮನೆಯಲ್ಲಿ ಒಂದೇ ಗಂಜಿ ಉಂಡು ಬೆಳೆದ ಇಬ್ಬರಲ್ಲಿ ವಿದ್ಯೆಯೆಲ್ಲ ಹೇಗೆ ಒಂದೇ ಬಟ್ಟಲಿಗೆ ಬಿತ್ತೋ ಗೊತ್ತಿಲ್ಲ. ಅವಳು ಫಿಸಿಯೋಥೆರಪಿ ಓದಿದಳು, ಅದನ್ನೇ ಬೇರೆಯವರಿಗೆ ಕಲಿಸಿದಳು. ಈಗ ಆ ಕೆಲಸ ಮಾಡಲು ಯಾರಿಗೆ ಲೈಸೆನ್ಸು ಕೊಡಬೇಕು, ಯಾರಿಂದ ಹಿಂದಕ್ಕೆ ಪಡೆಯಬೇಕು ಎಂದು ತೀರ್ಮಾನಿಸುವ ಮಂಡಳಿಯಲ್ಲಿ ಕೂತಿದ್ದಾಳೆ. ಮಂಗಳವಾರ ನಮಗೆ ಸೆಲೂನಿನವರಿಗೆ ರಜೆ. ಅಂಥದೊಂದು ಸಂಜೆ ಮಣ್ಣಗುಡ್ಡದ ಅವಳ ಮನೆಗೆ ಹೋದಾಗ ಅವಳು ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಪಾಠ ಓದುತ್ತಿದ್ದಳು.

"ಎಂತ ಅಕ್ಕ, ಈ ಪ್ರಾಯದಲ್ಲಿ ಪರೀಕ್ಷೆಯಾ?" ಎಂದೆ.

"ಕ್ಲಾಸ್ ಉಂಟು. ಬೇರೆ ಬೇರೆ ದೇಶದ ಮಂಡಳಿಯವರು ಒಟ್ಟಿಗೆ ಮಾಡುವುದು. ಲೈಸೆನ್ಸ್ ಹೇಗೆ ಕೊಡುವುದು, ದೂರು ಬಂದ್ರೆ ಹೇಗೆ ವಿಚಾರಿಸುವುದು ಅಂತ ಒಬ್ಬರಿಂದ ಒಬ್ಬರು ಕಲೀತೇವೆ."

"ಲೈಸೆನ್ಸ್ ಕೊಡುವವರಿಗೂ ಕ್ಲಾಸಾ?"

"ಮತ್ತೆ? ಕೊಡುವವರಿಗೆ ಎಲ್ಲಾ ಗೊತ್ತುಂಟು ಅಂತ ನಿನಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ, ನಾನೇ ನಂಬಿಕೊಂಡಿದ್ದೆ. ಸ್ಕೂಟರಿನ ಲೈಸೆನ್ಸಿಗೆ ಹೋದಾಗ ಅಲ್ಲಿನ ಅಧಿಕಾರಿ ನನ್ನನ್ನು ನೋಡಿದ ರೀತಿಗೆ, ಅವರು ಹುಟ್ಟುವಾಗಲೇ ಎಲ್ಲವನ್ನೂ ಕಲಿತು ಬಂದವರು ಎಂದು ನನಗೆ ಅನಿಸಿತ್ತು. ಅಂಥವರೂ ಬೆಂಚಿನ ಮೇಲೆ ಕೂತು ಪಾಠ ಕೇಳುತ್ತಾರೆ ಎಂದು ತಿಳಿದಾಗ ಎದೆ ಧಸಕ್ಕೆಂದಿತು. ಅಕ್ಕ ಇನ್ನೂ ಹೇಳಿದಳು. ಈ ಸಲ ಅವರೆಲ್ಲರ ಸಭೆ ನಮ್ಮ ಮಂಗಳೂರಿನಲ್ಲಿಯೇ ನಡೆಯುತ್ತದೆ. ಅವಳು ಅಲ್ಲಿ ಮಾತನಾಡಬೇಕು. ಮಾತು ಚೆನ್ನಾಗಿ ಆದರೆ ಎಲ್ಲ ದೇಶಗಳಿಗೂ ಸೇರಿ ಪಾಠ ತಯಾರಿಸುವ ಸಣ್ಣ ತಂಡಕ್ಕೆ ಅವಳನ್ನು ಸೇರಿಸಿಕೊಳ್ಳುತ್ತಾರೆ. ಅದು ಅವಳು ಬಹಳ ಕಾಲದಿಂದ ಆಸೆಪಟ್ಟದ್ದು. ಮಾತನಾಡುವ ವಿಷಯ, ಕಲಿಯದ ಕೈಗಳಿಂದ ಜನರ ಮೈಯನ್ನು ಕಾಪಾಡುವುದು ಹೇಗೆ ಎಂಬುದು. ಆ ವಿಷಯ ಕೇಳಿ ನಾನು ನನ್ನ ಕೈಗಳನ್ನು ಮೆಲ್ಲನೆ ತೊಡೆಯ ಕೆಳಗೆ ಇಟ್ಟುಕೊಂಡೆ.

ಏಕೆಂದರೆ ಅದಕ್ಕೂ ಸ್ವಲ್ಪ ಮೊದಲು ಅಕ್ಕ ಒಮ್ಮೆ ಸೆಲೂನಿಗೆ ಬಂದಾಗ ನಾನು ದಾಮೋದರಣ್ಣನ ನೆಟಿಗೆ ತೆಗೆಯುತ್ತಿದ್ದೆ. ದಾಮೋದರಣ್ಣ ನನ್ನ ಖಾಯಂ ಗಿರಾಕಿ. ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ, ಅವರು ಬರುವುದೇ ಆ ಟಕ್‌ಗಾಗಿ. ಅಕ್ಕನ ಮುಖ ಬಿಳಿಚಿತು. ಅವರು ಹೋದ ಮೇಲೆ, ಕುತ್ತಿಗೆಯ ಒಳಗೆ ಮಿದುಳಿಗೆ ಹೋಗುವ ರಕ್ತನಾಳ ಎಲ್ಲಿದೆ, ಅದು ಹರಿದರೆ ಮನುಷ್ಯ ಹೇಗೆ ಒಂದು ಬದಿಯ ಬಲ ಕಳೆದುಕೊಂಡು ಮಲಗುತ್ತಾನೆ ಎಂದು ಕನ್ನಡಿಯ ಮುಂದೆ ನನ್ನದೇ ಕುತ್ತಿಗೆಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಬೆವತುಹೋದೆ. "ಇನ್ನು ಮುಟ್ಟುವುದಿಲ್ಲ ಅಕ್ಕ, ಮನೆಯ ದೈವದ ಮೇಲೆ ಆಣೆ" ಎನ್ನಲು ಹೊರಟಾಗ ಅವಳೇ ತಡೆದಳು. "ದೈವ ಎಂತಕ್ಕೆ? ನೀನು ಹೇಳಿದ್ರೆ ಸಾಕು ಸುಂದರ." ಆಣೆ ಹಾಕಿಸಿಕೊಂಡಿದ್ದರೆ ಹೆದರಿಕೆಯಿಂದಾದರೂ ನಿಲ್ಲಿಸುತ್ತಿದ್ದೆನೋ ಏನೋ. ಬರೀ ನನ್ನ ಮಾತಾದುದರಿಂದ ಅದು ದಾಮೋದರಣ್ಣನ ಮುಂದಿನ ಕಟಿಂಗಿನವರೆಗೆ ಬಾಳಿತು. ಅವರು ಕುರ್ಚಿ ಬಿಟ್ಟು ಏಳಲೇ ಇಲ್ಲ. "ಎಂತ ಮಾರಾಯ, ಅರ್ಧ ಕೆಲಸ ಮಾಡಿ ಎಬ್ಬಿಸ್ತೀಯಾ? ಕುದ್ರೋಳಿಯ ಸೆಲೂನಿಗೆ ಹೋದ್ರೆ ಎರಡೆರಡು ಸಲ ತೆಗೆದು ಕೊಡ್ತಾರೆ" ಎಂದರು. ಕುದ್ರೋಳಿಯ ಹೆಸರು ಕೇಳಿದ್ದೇ ತಡ, ನನ್ನ ಕೈಗಳು ಅವರ ಗಲ್ಲದ ಮೇಲಿದ್ದವು. ಆಮೇಲೆ ಅಕ್ಕ, "ಈಗ ಮಾಡ್ತಾ ಇಲ್ಲ ಅಲ್ವಾ?" ಎಂದು ಕೇಳಿದಾಗಲೆಲ್ಲ, "ಛೆ, ಇಲ್ಲಪ್ಪ" ಎನ್ನುತ್ತಿದ್ದೆ. ಸುಳ್ಳು ಹೇಳುವುದೂ ಕೈ ಪಳಗಿದ ಕೆಲಸದ ಹಾಗೆಯೇ. ಎರಡನೆಯ ಸಲಕ್ಕೆ ನಡುಗುವುದಿಲ್ಲ.

ಸಭೆಯ ಹಿಂದಿನ ದಿನ ಅಕ್ಕನ ಫೋನು ಬಂತು. ಚಳಿ ದೇಶದಿಂದ ಬಂದ ಆಂಡ್ರ್ಯೂ ಎಂಬ ಅತಿಥಿಗೆ ನಮ್ಮ ಸೆಕೆಯಲ್ಲಿ ಕೂದಲು ಭಾರವಾಗಿದೆಯಂತೆ. ಹೋಟೆಲಿನಲ್ಲಿ ಬೇಡ, ಊರಿನವರು ಹೋಗುವ ಸಾದಾ ಸೆಲೂನಿಗೇ ಹೋಗಬೇಕಂತೆ. "ನನಗೆ ಪರಿಚಯದ ಸೆಲೂನು ಅಂತ ಹೇಳಿ ಕಳಿಸ್ತಾ ಇದ್ದೇನೆ. ಹೊಸ ಬ್ಲೇಡು, ಒಗೆದ ಟವೆಲು. ಮತ್ತೆ, ಕೂದಲು ಮಾತ್ರ."

"ಮತ್ತೆಂತ, ಕಿವಿ ಕತ್ತರಿಸ್ತೇನಾ?" ಎಂದು ನಗಾಡಿದೆ. ಅವಳು ನಗಲಿಲ್ಲ.

ಟ್ಯಾಕ್ಸಿಯ ರೋನಿ ಅವರನ್ನು ಕರೆತಂದ. ರೋನಿ ನಮ್ಮ ಕೇರಿಯವನೇ, ಗಲ್ಫಿನಲ್ಲಿ ಬಹಳ ಕಾಲ ಕಾರು ಓಡಿಸಿ ಬಂದವನು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವನು ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಆಂಡ್ರ್ಯೂ ಸಾಹೇಬರು ಕುರ್ಚಿ ತುಂಬ ಕೂತರು. ನನಗೆ ಬರುವ ಇಂಗ್ಲಿಷಿನಲ್ಲಿ 'ಶಾರ್ಟ್', 'ಮೀಡಿಯಂ', 'ಓಕೆ' ಮುಗಿದ ಮೇಲೆ ಇಬ್ಬರೂ ಆರಾಮವಾಗಿ ಸುಮ್ಮನಿದ್ದೆವು. ಕೂದಲು ಕತ್ತರಿಸಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಅತಿಥಿಯಲ್ಲವೇ, ತಲೆ ತಟ್ಟಿದೆ. ಅವರು ಕಣ್ಣು ಮುಚ್ಚಿದರು. ಹೆಗಲು ಹಿಸುಕಿದೆ. ಅವರು ಸಣ್ಣಗೆ ಗೊರಕೆ ಹೊಡೆದರು. ಆಮೇಲಿನದಕ್ಕೆ ನಾನು ಜವಾಬ್ದಾರನಲ್ಲ ಎಂದು ಹೇಳಲು ಆಸೆಯಿದೆ. ಒಂದು ಕೈ ಗಲ್ಲಕ್ಕೆ ಹೋಯಿತು, ಇನ್ನೊಂದು ತಲೆಯ ಹಿಂದಕ್ಕೆ ಹೋಯಿತು, ನಾನು 'ಅಯ್ಯೋ' ಎಂದುಕೊಳ್ಳುವಷ್ಟರಲ್ಲಿ ಟಕ್!

ಅಂಥ ಟಕ್ ನನ್ನ ಸೆಲೂನಿನಲ್ಲಿ ಹಿಂದೆ ಆಗಿರಲಿಲ್ಲ. ಪೇಪರು ಓದುತ್ತಿದ್ದ ದಾಮೋದರಣ್ಣ ತಲೆಯೆತ್ತಿ, "ಫಾರಿನ್ ಕುತ್ತಿಗೆಗೂ ನಮ್ಮದೇ ಸೌಂಡು ಮಾರಾಯ!" ಎಂದರು. ಸಾಹೇಬರು ಬಟ್ಟೆಯ ಸಮೇತ ಹಾರಿ ನಿಂತಿದ್ದರು. ಎರಡೂ ಕೈ ಕುತ್ತಿಗೆಯ ಮೇಲೆ, ಮುಖ ಬಟ್ಟೆಗಿಂತ ಬಿಳಿ. ಬೆರಳು ಮಡಚಿ ಬಿಚ್ಚಿ ನೋಡಿಕೊಂಡರು, ಒಂದು ಕಾಲು ಎತ್ತಿ ನೋಡಿದರು, ಕನ್ನಡಿಯ ಮುಂದೆ ನಕ್ಕು ಬಾಯಿ ಸೊಟ್ಟಗಾಗಿದೆಯೇ ಎಂದು ನೋಡಿದರು. ಎಲ್ಲ ಸರಿಯಿದೆ ಎಂದಾದ ಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ನನಗೆ ಅರ್ಥವಾದದ್ದು 'ಲೈಸೆನ್ಸ್' ಎಂಬುದೊಂದೇ.

"ಲೈಸೆನ್ಸ್ ಕೇಳ್ತಾ ಇದ್ದಾರೆ, ತೋರಿಸು" ಎಂದರು ದಾಮೋದರಣ್ಣ.

ನನ್ನಲ್ಲಿ ಇರುವುದು ಪಾಲಿಕೆ ಕೊಟ್ಟ ಅಂಗಡಿಯ ಲೈಸೆನ್ಸು. ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದೇನೆ; ಊದುಬತ್ತಿ ಎರಡಕ್ಕೂ ಸೇರಿ ಒಂದೇ. ಹೆಮ್ಮೆಯಿಂದ ತೋರಿಸಿದೆ. ಅವರು ಫೋಟೋ ತೆಗೆಯಬಹುದೇ ಎಂದು ಸನ್ನೆ ಮಾಡಿದರು. ನಾನು ಕೂದಲು ಬಾಚಿಕೊಂಡು, ಅದರ ಪಕ್ಕದಲ್ಲಿ ನಿಂತು, ಹಲ್ಲು ಕಾಣುವಂತೆ ನಕ್ಕೆ.

ಹೊರಡುವಾಗ ಅವರು ಕಾರಿನಲ್ಲಿ ಹೇಳಿದ್ದನ್ನು ಕೇಳಿ ರೋನಿ ಓಡಿ ಬಂದ. "ಸುಂದರಣ್ಣ, ಎಂತ ಮಾಡಿದ್ದು ನೀವು? ಅವರ ದೇಶದಲ್ಲಿ ಕುತ್ತಿಗೆ ತಿರುಗಿಸಲಿಕ್ಕೆ ಲೈಸೆನ್ಸ್ ಕೊಡುವ ಮಂಡಳಿಗೆ ಅವರೇ ಹೆಡ್ಡು! ಅದಕ್ಕೆ ವರ್ಷಗಟ್ಟಲೆ ಓದಬೇಕಂತೆ!" ನಾನು ಅದೇ ಕುರ್ಚಿಯಲ್ಲಿ ಕುಸಿದೆ. ಈ ಭೂಮಿಯ ಮೇಲೆ ಇಷ್ಟೊಂದು ಕುತ್ತಿಗೆಗಳಿರುವಾಗ ನನಗೆ ಸಿಕ್ಕಿದ್ದು ಅದು! ಸಂಜೆ ಅಕ್ಕ ಫೋನು ಮಾಡಿದಳು. "ಹೇಗಾಯ್ತು?" "ಒಳ್ಳೆದಾಯ್ತು." "ಕೂದಲು ಮಾತ್ರ ಅಲ್ವಾ?" ಆಗಲಾದರೂ ಹೇಳಬಹುದಿತ್ತು. "ಹೌದಕ್ಕ" ಎಂದೆ. ಬೆಳಿಗ್ಗೆ ಅವಳಿಗೆ ದೊಡ್ಡ ಭಾಷಣವಿದೆ, ಈಗ ಹೇಳಿದರೆ ನಿದ್ದೆ ಕೆಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನ ನಿದ್ದೆಯನ್ನು.

"ನನ್ನ ಭಾಷಣ ಒಮ್ಮೆಯಾದ್ರೂ ಕೇಳು, ಊಟವೂ ಉಂಟು" ಎಂದು ಅಕ್ಕ ಮೊದಲೇ ಕರೆದಿದ್ದಳು. ಹೋಗದಿದ್ದರೆ ಸಂಶಯ ಬಂದೀತೆಂದು ಹೋಗಿ ಹಿಂದಿನ ಸಾಲಿನಲ್ಲಿ ರೋನಿಯ ಪಕ್ಕ ಕೂತೆ. ಅಕ್ಕ ಚೆನ್ನಾಗಿ ಮಾತನಾಡಿದಳು. ಅರ್ಥವಾಗದಿದ್ದರೂ ನನಗೆ ಕಣ್ಣು ತುಂಬಿತು. ಚಪ್ಪಾಳೆಯಾದ ಮೇಲೆ ಆಂಡ್ರ್ಯೂ ಸಾಹೇಬರು ಎದ್ದರು, ತಲೆಯನ್ನು ಸ್ವಲ್ಪವೂ ತಿರುಗಿಸದೆ ವೇದಿಕೆಗೆ ನಡೆದರು, ಪರದೆಯ ಮೇಲೆ ಒಂದು ಚಿತ್ರ ಬಂತು. ನಾನು! ಬಾಗಿಲಿನಷ್ಟು ದೊಡ್ಡ ಹಲ್ಲುಗಳನ್ನು ಬಿಟ್ಟುಕೊಂಡು ನಾನು!

ಸಭೆ ಘೊಳ್ಳೆಂದಿತು. ರೋನಿ ಪಿಸುಗುಟ್ಟಿದ. "ಒಳ್ಳೆ ಮನುಷ್ಯ, ಕೆಟ್ಟ ಉದ್ದೇಶ ಇಲ್ಲ ಅಂತ ಹೇಳ್ತಾ ಇದ್ದಾರೆ. ಆದ್ರೆ ಆ ಲೈಸೆನ್ಸು ಅಂಗಡಿಯ ಗೋಡೆಗೆ, ಈ ಕೈಗಳಿಗೆ ಲೈಸೆನ್ಸು ಕೊಟ್ಟದ್ದು ಯಾರು ಅಂತ ಕೇಳ್ತಾ ಇದ್ದಾರೆ."

ನಾನು ಅಕ್ಕನನ್ನು ನೋಡಿದೆ. ಅವಳು ಪರದೆಯನ್ನು ನೋಡುತ್ತಿದ್ದಳು. ಚಿತ್ರದಲ್ಲಿರುವವನು ಅವಳ ತಮ್ಮ ಎಂದು ನಮ್ಮನ್ನು ಬಿಟ್ಟರೆ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರು ಅಕ್ಕ ಎಂದು ನಾನು ಮನೆಯ ದೈವಗಳನ್ನೆಲ್ಲ ಕರೆದೆ. ಅವಳು ಮೈಕು ತೆಗೆದುಕೊಂಡು ಸಣ್ಣದೊಂದು ಮಾತು ಹೇಳಿದಳು. ಅದರಲ್ಲಿ 'ಬ್ರದರ್' ಎಂಬ ಶಬ್ದವಿತ್ತು. ಹೇಳಿ, ಹಿಂದಿನ ಸಾಲಿನ ಕಡೆಗೆ ಕೈ ತೋರಿಸಿದಳು. ಅಷ್ಟು ದೇಶಗಳ ಅಷ್ಟೂ ಕುತ್ತಿಗೆಗಳು ಒಮ್ಮೆಗೇ ನನ್ನ ಕಡೆ ತಿರುಗಿದವು. ಒಂದೂ ಟಕ್ ಎನ್ನಲಿಲ್ಲ.

"ಎಂತ ಹೇಳಿದ್ಲು?" ಎಂದೆ. ರೋನಿ ನನ್ನ ಮುಖ ನೋಡಲಿಲ್ಲ. "ಅವನು ನನಗೆ ಮಾತು ಕೊಟ್ಟಿದ್ದ, ನಾನು ನಂಬಿ ಬಿಟ್ಟೆ, ಹೋಗಿ ನೋಡಲಿಲ್ಲ. ತಪ್ಪು ಅವನದ್ದು ಮಾತ್ರ ಅಲ್ಲ, ನನ್ನದೂ ಹೌದು ಅಂದ್ರು."

ಊಟದ ಹೊತ್ತಿಗೆ ತಟ್ಟೆ ಹಿಡಿಯುವ ಧೈರ್ಯವಾಗದೆ ಕಂಬದ ಹಿಂದೆ ನಿಂತಿದ್ದವನನ್ನು ಅಕ್ಕನೇ ಹುಡುಕಿಕೊಂಡು ಬಂದಳು. "ತಪ್ಪಾಯ್ತಕ್ಕ, ಕೈ ತಾನಾಗಿ ಹೋಯ್ತು" ಎಂದೆ.

"ಕೈ ತಾನಾಗಿ ಹೋಯ್ತು, ಆಯ್ತು. ನಿನ್ನೆ ಸಂಜೆ ಫೋನಿನಲ್ಲಿ ನಾಲಗೆ ಎಂತ, ಅದೂ ತಾನಾಗಿ ಹೋದದ್ದಾ?"

ಅಕ್ಕ ಅಲ್ಲಿಂದ ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಒಂದು ತಟ್ಟೆ ತಂದು ನನ್ನ ಕೈಗೆ ಕೊಟ್ಟಳು. ಅದು ಬೈದದ್ದಕ್ಕಿಂತ ಹೆಚ್ಚು ನೋಯಿಸಿತು. ಆಮೇಲೆ ಹೇಳಿದಳು: ಪಾಠ ತಯಾರಿಸುವ ಆ ತಂಡಕ್ಕೆ ಅವಳನ್ನು ಸೇರಿಸಿಕೊಂಡಿದ್ದರು. ಎಚ್ಚರಿಕೆ ಕೊಟ್ಟು ಕಳಿಸಿ, ಆಮೇಲೆ ಹೋಗಿ ನೋಡದೆ ಇರುವ ಕಾಯಿಲೆ ತಮ್ಮ ದೇಶಗಳಲ್ಲಿಯೂ ಇದೆ, ಆದರೆ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡವರು ಇಲ್ಲ ಎಂದು ಆಂಡ್ರ್ಯೂ ಸಾಹೇಬರೇ ಅವಳ ಹೆಸರು ಹೇಳಿದ್ದರಂತೆ. ಅವಳ ಮೊದಲ ಕೆಲಸ, ಲೈಸೆನ್ಸೇ ಇಲ್ಲದ ಕೈಗಳಿಗೆ ಪಾಠ ಮಾಡುವುದು ಹೇಗೆ ಎಂದು ಮಾಡಿ ತೋರಿಸುವುದು.

ಹಾಗಾಗಿ ಕಳೆದ ಮಂಗಳವಾರ ನಮ್ಮ ಊರಿನ ಸೆಲೂನಿನವರನ್ನೆಲ್ಲ ಅವಳು ಕೂರಿಸಿಕೊಂಡಳು. ಕುದ್ರೋಳಿಯವರೂ ಬಂದಿದ್ದರು. ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಬಾರದು ಎಂದು ತೋರಿಸಲು ಒಂದು ಕುತ್ತಿಗೆ ಬೇಕಾಯಿತು. ಯಾರೂ ಮುಂದೆ ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಹೋಗಿ ಕೂತೆ. ಅಕ್ಕ ಹಿಂದೆ ಬಂದು ನಿಂತು, ಒಂದು ಕೈಯಲ್ಲಿ ನನ್ನ ಗಲ್ಲ, ಇನ್ನೊಂದರಲ್ಲಿ ತಲೆಯ ಹಿಂಭಾಗ ಹಿಡಿದು ಪಾಠ ಶುರುಮಾಡಿದಳು. ಇಷ್ಟು ವರ್ಷ ಇದೇ ಹಿಡಿತದಲ್ಲಿ ಊರವರನ್ನೆಲ್ಲ ಕೂರಿಸಿದವನಿಗೆ ಆ ಕ್ಷಣ ಬೆನ್ನಿನಲ್ಲಿ ಬೆವರು ಇಳಿಯಿತು. ಈ ಇಡೀ ಊರಿನಲ್ಲಿ ನನ್ನ ಕುತ್ತಿಗೆ ತಿರುಚಲು ಲೈಸೆನ್ಸೂ ಕಾರಣವೂ ಎರಡೂ ಇರುವುದು ಅವಳೊಬ್ಬಳಿಗೆ.