ಅಧ್ಯಕ್ಷರ ಎತ್ತರ

ದೆಹಲಿಯ ಮಯೂರ್ ವಿಹಾರದ ಹೇಮಾವತಿ ಸಹಕಾರಿ ವಸತಿ ಸಂಘದ ಕಟ್ಟಡಕ್ಕೆ ನೆಲಮಹಡಿಯ ಮೇಲೆ ಏಳು ಮಹಡಿಗಳಿದ್ದು, ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಐದನೆಯದು. ಇದು ಮಹಾಸಭೆಯಲ್ಲಿ ಅಂಗೀಕಾರವಾದ ಸಂಗತಿಯಾದ್ದರಿಂದ ನಿವಾಸಿಗಳಲ್ಲಿ ಯಾರಿಗೂ ಸಂಶಯವಿಲ್ಲ. ಹೊಸದಾಗಿ ಬರುವ ಕೊರಿಯರ್ ಹುಡುಗರಿಗೆ ಮಾತ್ರ ಮೊದಮೊದಲು ಸ್ವಲ್ಪ ಏದುಸಿರು ಬರುತ್ತದೆ.

ಹೀಗಾಗುವುದಕ್ಕೆ ನಿರೀಕ್ಷಾ ಕಾರಣ ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ನಿರೀಕ್ಷಾ ಎರಡನೇ ಮಹಡಿಯ ಜಯಾನಂದರ ಮಗಳು. ಜಯಾನಂದರು ಮಾರ್ಕೆಟ್ಟಿನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ಮಗಳು ಓಖ್ಲಾದ ಒಂದು ಸಿದ್ಧ ಉಡುಪಿನ ರಫ್ತು ಕಂಪನಿಯಲ್ಲಿ ವೆಬ್ ಪುಟ ಬರೆಯುತ್ತಾಳೆ. ಹೊರದೇಶದ ಗಿರಾಕಿಗಳು ಪರದೆಯ ಮೇಲಿನ ಅಂಗಿಯ ಚಿತ್ರದಲ್ಲಿ ಎಲ್ಲಿ ಕ್ಲಿಕ್ ಮಾಡುತ್ತಾರೋ ಅಲ್ಲಿ ಗುಂಡಿಯೋ ಜೇಬೋ ಬಂದು ಕೂರುವಂತೆ ಮಾಡುವುದು ಅವಳ ಕೆಲಸ.

ಸಂಘದ ಅಧ್ಯಕ್ಷ ಕೇಶವಮೂರ್ತಿಯವರು ಒಂದು ಭಾನುವಾರ ಅವಳನ್ನು ಆಫೀಸಿಗೆ ಕರೆಸಿಕೊಂಡರು. ಅವರು ಯಾವುದೋ ಸಚಿವಾಲಯದಲ್ಲಿ ಉಪಕಾರ್ಯದರ್ಶಿಯಾಗಿ ನಿವೃತ್ತರಾದವರು.

"ನೋಡಮ್ಮ, ಅಂಗಿಯಲ್ಲಿ ಗುಂಡಿ ಎಲ್ಲಿ ಬೇಕು ಅಂತ ತೋರಿಸೋದಕ್ಕೂ, ಕಟ್ಟಡದಲ್ಲಿ ನಲ್ಲಿ ಎಲ್ಲಿ ಸೋರ್ತಿದೆ ಅಂತ ತೋರಿಸೋದಕ್ಕೂ ತಾತ್ವಿಕವಾಗಿ ಏನಾದರೂ ವ್ಯತ್ಯಾಸ ಇದೆಯೇ?"

"ಇಲ್ಲ ಅಂಕಲ್."

"ಹಾಗಾದರೆ ಸೇವಾಭಾವದಿಂದ ಮಾಡಿಕೊಡು."

ನಿರೀಕ್ಷಾ ಮಾಡಿಕೊಟ್ಟಳು. ಕಟ್ಟಡದ ಎದುರುನೋಟದ ಫೋಟೋವನ್ನು ಸಂಘದ ಕಾರ್ಯದರ್ಶಿ ಮಹಂತೇಶ್ ತೆಗೆದುಕೊಟ್ಟರು. ಅವರ ಹೊಸ ಕಾರು ಕೆಳಗೆ ನಿಂತಿದ್ದರಿಂದ ಫೋಟೋದಲ್ಲಿ ಪಾರ್ಕಿಂಗ್ ಧಾರಾಳವಾಗಿ ಬಂದಿತ್ತು, ಆಕಾಶ ಒಂದಿಷ್ಟೂ ಬಂದಿರಲಿಲ್ಲ. ನಿವಾಸಿಗಳು ಸಂಘದ ಆಫೀಸಿಗೆ ಬಂದು, ಕಂಪ್ಯೂಟರಿನಲ್ಲಿ ತಮ್ಮ ಮನೆಯ ಮೇಲೆ ಮೌಸ್ ಇಟ್ಟು ಒತ್ತಬೇಕು. ಪುಟದ ಎಡ ಅಂಚಿನಿಂದ ಎಷ್ಟು ದೂರ, ಮೇಲಂಚಿನಿಂದ ಎಷ್ಟು ಕೆಳಗೆ ಒತ್ತಿದರು ಎಂಬುದನ್ನು ಅವಳು ಬರೆದ ಜಾವಾಸ್ಕ್ರಿಪ್ಟ್ ಪ್ರೋಗ್ರಾಮು ಲೆಕ್ಕ ಹಾಕಿ, ಯಾವ ಮಹಡಿ ಯಾವ ಮನೆ ಎಂದು ಪ್ಲಂಬರ್ ಧರಮ್‌ವೀರನ ಫೋನಿಗೆ ಕಳಿಸುತ್ತಿತ್ತು. ಮೊಬೈಲಿನಲ್ಲಿ ಕಟ್ಟಡ ಕುಗ್ಗುತ್ತದೆಂಬ ಕಾರಣಕ್ಕೆ ಮೊಬೈಲಿನ ಬಳಕೆಯನ್ನು ಸಮಿತಿ ಮೊದಲೇ ನಿಷೇಧಿಸಿತ್ತು. ಸಂಘದ ಆಸ್ತಿಯನ್ನು ಕುಗ್ಗಿಸುವ ಅಧಿಕಾರ ಸದಸ್ಯರಿಗಿಲ್ಲ.

ಕೇಶವಮೂರ್ತಿಯವರು ಎತ್ತಿದ್ದು ಒಂದೇ ಆಕ್ಷೇಪ. "ಕೆಳಗೆ ಇಳಿದ ಹಾಗೆಲ್ಲ ಸಂಖ್ಯೆ ಹೆಚ್ಚುತ್ತಲ್ಲ?"

"ಕಂಪ್ಯೂಟರಿನಲ್ಲಿ ಹಾಗೇ ಅಂಕಲ್. ಸೊನ್ನೆ ಎಲ್ಲಕ್ಕಿಂತ ಮೇಲಿರುತ್ತೆ."

"ನಮ್ಮ ಸಚಿವಾಲಯದಲ್ಲೂ ಹಾಗೇ ಇತ್ತು," ಎಂದು ಕೇಶವಮೂರ್ತಿಯವರು ಒಪ್ಪಿಗೆ ಕೊಟ್ಟರು.

ಚಿತ್ರ ಪುಟದ ಮೇಲಂಚಿಗೇ ಅಂಟಿಕೊಂಡಿದ್ದರಿಂದ ಪುಟದ ಅಳತೆಯೂ ಚಿತ್ರದ ಅಳತೆಯೂ ಒಂದೇ ಆಗಿತ್ತು. ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಅಧ್ಯಕ್ಷರ ಹುಟ್ಟುಹಬ್ಬ ಬಂತು.

ಮಹಂತೇಶರು ಅಧ್ಯಕ್ಷರು ಕೈಮುಗಿದು ನಿಂತ ದೊಡ್ಡದೊಂದು ಬ್ಯಾನರನ್ನು ಪುಟದ ತಲೆಯ ಮೇಲೆ ಕೂರಿಸಿದರು. ಬ್ಯಾನರನ್ನು ಒತ್ತಿದರೆ ಒತ್ತಿದವರ ಶುಭಾಶಯ ಅಧ್ಯಕ್ಷರಿಗೆ ತಲುಪುವ ವ್ಯವಸ್ಥೆಯೂ ಇತ್ತು. ಬ್ಯಾನರಿನ ಎತ್ತರ ಸರಿಯಾಗಿ ಎರಡು ಮಹಡಿಯಷ್ಟಿತ್ತು. ಕಟ್ಟಡದ ಚಿತ್ರ ಅಷ್ಟೇ ಕೆಳಗೆ ಸರಿಯಿತು. ಲೆಕ್ಕ ಮಾತ್ರ ಪುಟದ ಮೇಲಂಚಿನಿಂದಲೇ ನಡೆಯುತ್ತಿತ್ತು.

ಅಂದಿನಿಂದ ಯಾರು ಎಲ್ಲಿ ಒತ್ತಿದರೂ ದೂರು ಎರಡು ಮಹಡಿ ಕೆಳಗೆ ಹೋಗಿ ಬೀಳತೊಡಗಿತು. ನಾಲ್ಕನೆಯವರ ಸಿಂಕ್ ಕಟ್ಟಿಕೊಂಡರೆ ಧರಮ್‌ವೀರ ಎರಡನೆಯವರ ಸಿಂಕ್ ಬಿಚ್ಚಿದ. ನೆಲಮಹಡಿಯ ದೂರುಗಳೆಲ್ಲ ಪಾರ್ಕಿಂಗಿಗೆ ಹೋದವು. ಅಲ್ಲಿ ಅವನು ನಲ್ಲಿ ಹುಡುಕಿ ಹುಡುಕಿ ಸಾಕಾಗಿ, ಬಂದ ತಪ್ಪಿಗೆ ಮಹಂತೇಶರ ಕಾರು ತೊಳೆದು ಹೋಗುತ್ತಿದ್ದ.

ನಿಜವಾದ ತೊಂದರೆಯಾದದ್ದು ಏಳನೇ ಮಹಡಿಯ ಮಾಚಮ್ಮನವರಿಗೆ. ಅವರು ಕೊಡಗಿನವರು, ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಯಜಮಾನರು ಸುಬೇದಾರ್ ಕಾರ್ಯಪ್ಪ. ಆ ಮಳೆಗಾಲದಲ್ಲಿ ತಾರಸಿ ಬಿರುಕುಬಿಟ್ಟು ನೀರು ನೇರವಾಗಿ ಕಾರ್ಯಪ್ಪನವರ ಮಂಚದ ಮೇಲೆ ತೊಟ್ಟಿಕ್ಕುತ್ತಿತ್ತು. "ಲೇಹ್‌ನಲ್ಲಿ ಡೇರೆಯೊಳಗೆ ಮಲಗಿದ್ದೇನೆ, ಒಂದು ಹನಿ ಬಿದ್ದಿರಲಿಲ್ಲ," ಎಂದು ಅವರು ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಿದ್ದರು. ಕೆಮ್ಮು ಶುರುವಾಗಿತ್ತು.

ಮಾಚಮ್ಮ ಆಫೀಸಿಗೆ ಹೋಗಿ ತಮ್ಮ ಮನೆಯ ಮೇಲೆ ಒತ್ತಿದರು. ದೂರು ಐದನೆಯದಕ್ಕೆ ಹೋಯಿತು. ಐದನೇ ಮಹಡಿಯಲ್ಲಿ ಬ್ಯಾಂಕಿನ ಗೋಪಾಲ ಅವರ ಮನೆ. ಸಂಘದ ಕಂಟ್ರಾಕ್ಟರನ ಕೆಲಸದವರು ಬಂದು ಅವರ ಹಾಲ್‌ನ ಒಳಸೂರಿಗೆ ಟಾರು ಬಳಿದು ಹೋದರು. ಗೋಪಾಲ ಅವರು ಆಕ್ಷೇಪಿಸಲಿಲ್ಲ. ಆಮೇಲೆ ಅಲ್ಲಿ ಒಂದು ಹನಿಯೂ ಸೋರಿಲ್ಲ ಎಂದು ಅವರೇ ಬರೆದುಕೊಟ್ಟಿದ್ದಾರೆ.

"ಎರಡು ಮಹಡಿ ಮೇಲೆ ಒತ್ತಿ, ಸರಿಯಾಗಿ ಬೀಳುತ್ತೆ," ಎಂದು ಅಷ್ಟರಲ್ಲಿ ಎಲ್ಲರೂ ಕಂಡುಕೊಂಡಿದ್ದರು. ಆದರೆ ಮಾಚಮ್ಮನವರ ಮನೆಯ ಮೇಲೆ ಮಹಡಿಯಿಲ್ಲ, ಚಿತ್ರದಲ್ಲಿ ಆಕಾಶವೂ ಇಲ್ಲ. ಅಲ್ಲಿದ್ದವರು ಅಧ್ಯಕ್ಷರು. ಮಾಚಮ್ಮ ಅಲ್ಲೇ ಒತ್ತಿದರು. ದಿನಾ ಬಂದು, ಸಿಟ್ಟಿನಿಂದ, ಬೇಕಾದಷ್ಟು ಸಲ ಒತ್ತಿದರು. ಒತ್ತಿದಾಗಲೆಲ್ಲ ಅಧ್ಯಕ್ಷರಿಗೆ ಒಂದು ಶುಭಾಶಯ ತಲುಪಿತು. ಸ್ವಾತಂತ್ರ್ಯೋತ್ಸವದ ದಿನ ಸಂಘದ ಅತ್ಯುತ್ತಮ ಹಿತೈಷಿ ಎಂದು ಮಾಚಮ್ಮನವರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಖಾಲಿ ಮಾಡಿ ಅವರು ಹನಿ ಬೀಳುವಲ್ಲಿ ಇಟ್ಟು ನೋಡಿದರು. ಅದು ಬಿದಿರಿನದು, ನೀರು ನಿಲ್ಲಲಿಲ್ಲ.

ಮರುವಾರ ಒಂದು ಮಧ್ಯಾಹ್ನ ಸೂರಿನ ಗಾರೆ ದೊಡ್ಡದೊಂದು ತುಂಡಾಗಿ ಕಾರ್ಯಪ್ಪನವರ ದಿಂಬಿನ ಮೇಲೆ ಬಿತ್ತು. ಅವರು ಹಾಲು ತರಲು ಮದರ್ ಡೇರಿಗೆ ಹೋಗಿದ್ದರು. ಮಾಚಮ್ಮ ಆ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಎರಡನೇ ಮಹಡಿಗೆ ಇಳಿದು ಬಂದು ನಿರೀಕ್ಷಾಳ ಮುಂದಿಟ್ಟರು.

"ಇದು ಎಲ್ಲಿ ಒತ್ತಿದರೆ ಸರಿಹೋಗುತ್ತೆ ಹೇಳು ಮಗಳೇ, ಅಲ್ಲೇ ಒತ್ತುತ್ತೇನೆ."

ನಿರೀಕ್ಷಾ ಅಂದೇ ಆಫೀಸಿಗೆ ಹೋದಳು.

"ಅಂಕಲ್, ಬಹುತ್ ಸಿಂಪಲ್ ಹೈ. ಪ್ರೋಗ್ರಾಮಿನಲ್ಲಿ ಒಂದೇ ಸಾಲು. ಚಿತ್ರದ ಮೂಲೆ ಪುಟದಲ್ಲಿ ಎಲ್ಲಿದೆ ಅಂತ ಬ್ರೌಸರನ್ನೇ ಕೇಳಿ, ಅಷ್ಟನ್ನು ಮೌಸಿನ ಲೆಕ್ಕದಿಂದ ಕಳೆದರೆ ಆಯ್ತು. ಮತ್ಲಬ್, ಬ್ಯಾನರಿನ ಎತ್ತರವನ್ನ ಕಳೀಬೇಕು."

"ಬ್ಯಾನರಿನಲ್ಲಿ ಇರೋದು ಯಾರು?" ಎಂದು ಕೇಶವಮೂರ್ತಿ ಕೇಳಿದರು.

"ನೀವು."

"ಅಂದರೆ ಅಧ್ಯಕ್ಷರನ್ನ ಕಳೆಯಬೇಕು."

"ಲೆಕ್ಕದಲ್ಲಿ ಮಾತ್ರ ಅಂಕಲ್. ನೀವು ಅಲ್ಲೇ ಇರ್ತೀರಿ."

"ಇದ್ದೂ ಲೆಕ್ಕಕ್ಕಿಲ್ಲ ಅಂತ." ಅವರು ಸಿಟ್ಟಾಗಲಿಲ್ಲ. ಬೈಲಾ ತೆಗೆದು, ಕನ್ನಡಕ ಏರಿಸಿ, ಅಧ್ಯಕ್ಷರನ್ನು ಕಡಿಮೆ ಮಾಡಲು ಮೂರನೇ ಎರಡರಷ್ಟು ಬಹುಮತ ಬೇಕೆಂಬ ನಿಯಮವನ್ನು ಓದಿ ಹೇಳಿದರು. "ನನಗೆ ವೈಯಕ್ತಿಕವಾಗಿ ಏನೂ ಇಲ್ಲಮ್ಮ. ಪ್ರಕ್ರಿಯೆ ಅಂತ ಒಂದಿದೆ."

"ಕಾರ್ಯಪ್ಪ ಅಂಕಲ್ ದಿಂಬಿನ ಮೇಲೆ ಗಾರೆ ಬಿದ್ದಿದೆ."

"ಅದಕ್ಕೆ ದೂರು ಬಂದಿಲ್ಲ," ಎಂದರು ಮಹಂತೇಶ್. "ಅವರ ಮನೆಯಿಂದ ಬಂದಿರೋದೆಲ್ಲ ಶುಭಾಶಯಾನೇರೀ."

ಆದರೂ ಸಮಿತಿ ಸುಮ್ಮನೆ ಕೂರಲಿಲ್ಲ. ಚಿತ್ರ ಸರಿಯಿದೆ, ಮೌಸ್ ಸರಿಯಿದೆ, ಅಧ್ಯಕ್ಷರು ಸರಿಯಿದ್ದಾರೆ, ಹೀಗಿರುವಾಗ ತಪ್ಪಿರುವುದು ಮಹಡಿಗಳಲ್ಲೇ ಎಂಬ ತೀರ್ಮಾನಕ್ಕೆ ಬಂದು ಈ ಪ್ರಕಟಣೆ ಹೊರಡಿಸಿತು:

"ಎಲ್ಲ ಸದಸ್ಯರ ಗಮನಕ್ಕೆ. ತಾಂತ್ರಿಕ ವಾಸ್ತವಕ್ಕೆ ಅನುಗುಣವಾಗಿ ಏಳನೇ ಮಹಡಿಯನ್ನು ಇನ್ನು ಮುಂದೆ ಐದನೇ ಮಹಡಿ ಎಂದು ಕರೆಯತಕ್ಕದ್ದು. ಉಳಿದ ಮಹಡಿಗಳು ಇದೇ ಕ್ರಮದಲ್ಲಿ ಇಳಿಯತಕ್ಕದ್ದು. ಎರಡನೆಯದು ನೆಲಮಹಡಿಯಾಗುವುದು. ಒಂದನೆಯದು ನೆಲಮಾಳಿಗೆ ಒಂದು ಎಂದೂ, ಈಗಿನ ನೆಲಮಹಡಿ ನೆಲಮಾಳಿಗೆ ಎರಡು ಎಂದೂ ಆಗುವುದು. ಯಾರೂ ಮನೆ ಖಾಲಿ ಮಾಡಬೇಕಾಗಿಲ್ಲ."

ಲಿಫ್ಟಿನ ಗುಂಡಿಗಳಿಗೆ ಹೊಸ ಸ್ಟಿಕರ್ ಅಂಟಿಸಿದರು. ದೂರುಗಳು ಆ ದಿನದಿಂದಲೇ ಸರಿಯಾದ ಮನೆಗೆ ತಲುಪಿದವು. ಹಳೆಯ ನೆಲಮಹಡಿಯವರು ಮೊದಲು ಸ್ವಲ್ಪ ಬೇಸರಪಟ್ಟರು. ನೆಲಮಾಳಿಗೆಗೆ ಮೇಂಟೆನೆನ್ಸ್ ಕಡಿಮೆಯೆಂದು ತಿಳಿದ ಮೇಲೆ ಸುಮ್ಮನಾದರು. ನಿರೀಕ್ಷಾಳ ಅಮ್ಮ ಸುಜಾತಾ, ಮನೆ ನೆಲಮಹಡಿಗೆ ಬಂದ ಮೇಲೆ ಮೊಣಕಾಲು ನೋವು ಎಷ್ಟೋ ವಾಸಿ ಎಂದು ಊರಿಗೆ ಫೋನ್ ಮಾಡಿ ಹೇಳಿದರು.

"ಅಮ್ಮಾ, ಮೆಟ್ಟಿಲು ಅಷ್ಟೇ ಇದೆ."

"ಇರಲಿ. ನೆಲಮಹಡಿ ಅಂತ ಹತ್ತೋದಕ್ಕೂ ಎರಡನೇ ಮಹಡಿ ಅಂತ ಹತ್ತೋದಕ್ಕೂ ವ್ಯತ್ಯಾಸ ಇಲ್ವೇನೇ?"

ಮಾಚಮ್ಮ ಹೋಗಿ ತಮ್ಮ ಮನೆಯ ಮೇಲೆ ಒತ್ತಿದರು. ಈ ಸಲ ಕಂಟ್ರಾಕ್ಟರ್ ಸರಿಯಾಗಿ ಅವರ ಬಾಗಿಲಿಗೇ ಬಂದ. ಸೂರು ನೋಡಿದ, ಮಂಚ ನೋಡಿದ, ಆಮೇಲೆ ಫೋನ್ ತೆಗೆದು ನೋಡಿ ತಲೆ ಅಲ್ಲಾಡಿಸಿದ. ಐದನೇ ಮಹಡಿಗೆ ಟಾರು ಬಳಿದು ಹಣ ಪಾವತಿಯಾಗಿದೆ, ಐದು ವರ್ಷದ ಗ್ಯಾರಂಟಿಯೂ ಇದೆ; ಗ್ಯಾರಂಟಿ ಇರುವ ಮಹಡಿ ಸೋರುವಂತಿಲ್ಲ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ. ಹೇಳುತ್ತಿರುವಾಗಲೇ ಅವನ ತೋಳಿನ ಮೇಲೆ ಒಂದು ಹನಿ ಬಿತ್ತು. ಅದನ್ನು ಒರೆಸಿಕೊಂಡು ನಮಸ್ಕಾರ ಮಾಡಿ ಹೋದ.

ಆವತ್ತು ಕಾರ್ಯಪ್ಪನವರು ಕೆಮ್ಮುತ್ತಲೇ ಹೆಂಡತಿಗೆ ಹೇಳಿದರು: "ನೀನು ಎಲೆಕ್ಷನ್‌ಗೆ ನಿಲ್ಲು."

ಮಾಚಮ್ಮ ನಿಂತರು. "ಅಧ್ಯಕ್ಷರನ್ನು ಕಳೆಯಿರಿ" ಎಂಬುದು ಅವರ ಘೋಷಣೆ. ನಿರೀಕ್ಷಾ ಓಖ್ಲಾದಿಂದ ಬರುವಾಗ ಮೆಟ್ರೋದಲ್ಲಿ ಕೂತು ಪ್ರಚಾರದ ಪೋಸ್ಟರ್ ಮಾಡಿಕೊಟ್ಟಳು, ಮನೆಮನೆಗೆ ಜೊತೆಯಲ್ಲಿ ಹೋದಳು. ಹೊಸ ಐದನೆಯದರಿಂದ ನೆಲಮಾಳಿಗೆ ಎರಡರವರೆಗೆ ಎಲ್ಲರೂ ಕಾಫಿ ಕೊಟ್ಟರು. ಮಾಚಮ್ಮ ಭಾರೀ ಅಂತರದಿಂದ ಗೆದ್ದರು. ಕೇಶವಮೂರ್ತಿಯವರೇ ಮೊದಲು ಬಂದು ಶುಭಾಶಯ ಹೇಳಿದರು, ಮೌಸ್ ಇಲ್ಲದೆ.

ಅಧ್ಯಕ್ಷರಾದ ಮೊದಲ ದಿನ ಮಾಚಮ್ಮ ಕಂಟ್ರಾಕ್ಟರನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿ ತಾರಸಿಗೆ ಕರೆದುಕೊಂಡು ಹೋದರು. ಬಿರುಕಿನ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತು, ಕೆಲಸ ಮುಗಿಯುವ ತನಕ ಏಳಲಿಲ್ಲ. ಕಾರ್ಯಪ್ಪನವರ ಮಂಚ ಮೊದಲಿನ ಜಾಗಕ್ಕೆ ಬಂತು, ಕೆಮ್ಮು ನಿಂತಿತು. ಆ ಕೆಲಸ ಯಾವ ಮಹಡಿಯದ್ದು ಎಂದು ದಾಖಲಾಗದ ಕಾರಣ ಸಂಘದ ಕಾಗದಗಳ ಪ್ರಕಾರ ತಾರಸಿ ಇನ್ನೂ ಸೋರುತ್ತಿದೆ. ಅದರಿಂದ ಯಾರಿಗೂ ತೊಂದರೆಯಿಲ್ಲ.

ಉಳಿದದ್ದು ಬ್ಯಾನರಿನ ಎತ್ತರ ಕಳೆದು ಮಹಡಿಗಳನ್ನು ಹಳೆಯ ಸಂಖ್ಯೆಗೆ ತರುವ ಆ ಒಂದು ಸಾಲು. ನಿರೀಕ್ಷಾ ಅದನ್ನು ಬರೆದು ಸಿದ್ಧವಾಗಿಟ್ಟುಕೊಂಡು ಮಹಾಸಭೆಗೆ ಬಂದಳು.

ಮೊದಲು ಎದ್ದವರು ಗೋಪಾಲ. ಈಗ ಅವರದು ಮೂರನೇ ಮಹಡಿ. "ಗ್ಯಾಸ್ ಕನೆಕ್ಷನ್, ಆಧಾರ್, ಬ್ಯಾಂಕು, ಎಲ್ಲಾ ಕಡೆ ವಿಳಾಸ ಬದಲಾಯಿಸಿದ್ದಾಗಿದೆ ಮೇಡಂ. ಮತ್ತೆ ಎರಡು ಮಹಡಿ ಹತ್ತೋ ಶಕ್ತಿ ನನಗಿಲ್ಲ."

ನೆಲಮಾಳಿಗೆ ಎರಡರ ಸಿಂಧೂರ, ಮೇಂಟೆನೆನ್ಸ್ ಹಳೆಯ ದರಕ್ಕೆ ಹೋಗುವುದಾದರೆ ತಾವು ನೆಲದಡಿಯಲ್ಲೇ ಸುಖವಾಗಿರುತ್ತೇವೆ ಎಂದರು. ಹಿಂದಿನ ಸಾಲಿನಿಂದ ಸುಜಾತಾ, ಮಗಳ ಕಡೆ ನೋಡದೆ, ಮೊಣಕಾಲಿನ ವಿಷಯ ಎತ್ತಿದರು.

ಮಾಚಮ್ಮ ನಿರೀಕ್ಷಾಳನ್ನು ಕೇಳಿದರು: "ಅಧ್ಯಕ್ಷರನ್ನ ಕಳೆಯದೇ ಇದ್ದರೆ ಏನಾಗುತ್ತೆ ಮಗಳೇ?"

"ಏನೂ ಆಗಲ್ಲ ಆಂಟಿ. ಬ್ಯಾನರ್ ಈಗಿರೋ ಎತ್ತರದಲ್ಲೇ ಇರಬೇಕು, ಬಸ್, ಅಷ್ಟೇ. ಅದು ಒಂಚೂರು ಚಿಕ್ಕದಾದರೂ ಎಲ್ಲರ ಮನೆ ಜಾರುತ್ತೆ."

"ಹಾಗಾದರೆ ಆ ಎತ್ತರದಲ್ಲಿ ಯಾರಾದರೂ ನಿಲ್ಲಲೇಬೇಕು."

"ನಿಲ್ಲಲೇಬೇಕು."

ಮಾಚಮ್ಮ ಗುಂಡುಮುಖದ, ಕುಳ್ಳಗಿನ ಹೆಂಗಸು. ಸಭೆಯ ಮರುದಿನ ಮಾರ್ಕೆಟ್ಟಿನ ಸ್ಟುಡಿಯೋದವನು ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೈ ಮುಗಿಸಿ, ಫೋಟೋವನ್ನು ಉದ್ದಕ್ಕೆ ಎಳೆದು ಹಳೆಯ ಬ್ಯಾನರಿನ ಎತ್ತರಕ್ಕೆ ಸರಿಹೊಂದಿಸಿದ. ಪುಟದಲ್ಲಿ ಅವರು ಈಗ ತೆಳ್ಳಗೆ, ಗಂಭೀರವಾಗಿ ಕಾಣುತ್ತಾರೆ. ಕಾರ್ಯಪ್ಪನವರಿಗೆ ಮೊದಲ ದಿನ ಗುರುತು ಹತ್ತಲಿಲ್ಲ, ಆಮೇಲೆ ಅಭ್ಯಾಸವಾಯಿತು.

ಅದಕ್ಕೂ ಮೊದಲು, ಆ ಮಹಾಸಭೆಯ ಕೊನೆಯಲ್ಲಿ, ಮಹಂತೇಶರು ಬೈಲಾ ತಿದ್ದುಪಡಿಯನ್ನು ಎದ್ದು ನಿಂತು ಓದಿದರು: "ಅಧ್ಯಕ್ಷರು ಕಾಲಕಾಲಕ್ಕೆ ಬದಲಾಗಬಹುದು. ಅಧ್ಯಕ್ಷರ ಎತ್ತರ ಬದಲಾಗತಕ್ಕದ್ದಲ್ಲ."

ಒಪ್ಪುವವರು ಕೈ ಎತ್ತಬೇಕೆಂದರು. ಎಲ್ಲರೂ ಎತ್ತಿದರು. ನಿರೀಕ್ಷಾ ಒಂದು ಗಳಿಗೆ ಲ್ಯಾಪ್‌ಟಾಪ್ ನೋಡಿದಳು, ಬರೆದಿಟ್ಟುಕೊಂಡಿದ್ದ ಆ ಸಾಲನ್ನು ಅಳಿಸಿದಳು, ಲ್ಯಾಪ್‌ಟಾಪ್ ಮುಚ್ಚಿ ತಾನೂ ಕೈ ಎತ್ತಿದಳು.